ಹರಪ್ಪದ ಜನ ಎಲ್ಲಿ ಹೋದರು? ಅವರನ್ನು ಆಳಿದವರು ಯಾರು?

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಿಂಧೂ (ಹರಪ್ಪ) ನಾಗರಿಕತೆಯ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವುದು ಒಂದೇ, ಅಷ್ಟು ದೊಡ್ಡ ಊರುಗಳು ಹೇಗೆ ನಾಶವಾದವು ಅಂತ. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೊ ತೋರಿಸಿ, ಅಲ್ಲಿ ಅಣುಬಾಂಬ್ ಬಿದ್ದಿತ್ತಂತೆ ಅಂದ. ಆ ಲಿಪಿಯನ್ನು ಇನ್ನೂ ಯಾಕೆ ಓದಲು ಆಗಿಲ್ಲ? ಅವರು ಮಾತಾಡುತ್ತಿದ್ದದ್ದು ದ್ರಾವಿಡ ಭಾಷೆಯೇ? ಕೋಲಾರದ ಚಿನ್ನ ಅಲ್ಲಿಗೆ ಹೋಗುತ್ತಿತ್ತು ಅನ್ನುವುದು ನಿಜವೇ? ಈ ಡಿಸೆಂಬರಿನಲ್ಲಿ ಗುಜರಾತಿಗೆ ಹೋಗುವ ಯೋಚನೆ ಇದೆ. ಲೋಥಲ್, ಧೋಲಾವೀರಾ ಎರಡರಲ್ಲಿ ಯಾವುದನ್ನು ನೋಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ಆ ವಿಡಿಯೊ ವಿಷಯ ಮುಗಿಸಿಬಿಡೋಣ. ಆ ನಾಗರಿಕತೆಯ ದೊಡ್ಡ ನಗರ ಮೊಹೆಂಜೊದಾರೊದಲ್ಲಿ ಯಾವ ಬಾಂಬೂ ಬಿದ್ದಿಲ್ಲ. ವಿಡಿಯೊಗಳಲ್ಲಿ ತೋರಿಸುವ, ಕರಗಿ ಗಾಜಿನ ಹಾಗೆ ಆಗಿರುವ ಚೂರುಗಳು ಕುಂಬಾರರ ಭಟ್ಟಿಯವು. ಮಡಕೆ, ಬಳೆ ಸುಡುವಾಗ ಬೆಂಕಿ ಅತಿಯಾದರೆ ಮಣ್ಣು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಂಥ ಕಸ ಹಳೆಯ ಕುಂಬಾರಿಕೆ ಜಾಗಗಳಲ್ಲಿ ಸಾಮಾನ್ಯ. ಇಡೀ ಊರನ್ನು ಸುಟ್ಟ ಸ್ಫೋಟ ಆಗಿದ್ದರೆ, ಅಲ್ಲಿನ ಇಟ್ಟಿಗೆ ಗೋಡೆಗಳು ಇವತ್ತಿಗೂ ಆಳೆತ್ತರ ನಿಂತಿರುತ್ತಿದ್ದವಾ? ಆ ಹುಡುಗನಿಗೆ ಈ ಒಂದು ಪ್ರಶ್ನೆ ಕೇಳಿ ನೋಡಿ.

ಬಾಂಬಿನ ಕಥೆಗೆ ಬುಡ ಎಲ್ಲಿದೆ ಅಂದರೆ, ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ. ಬೀದಿಯಲ್ಲಿ, ಮನೆಯೊಳಗೆ, ಬಾವಿಯ ಹತ್ತಿರ, ಒಟ್ಟು ಸುಮಾರು 37 ಜನರದ್ದು ಸಿಕ್ಕಿವೆ. ಇದನ್ನು ನೋಡಿ ಮಾರ್ಟಿಮರ್ ವೀಲರ್ 1947ರಲ್ಲಿ, ಆರ್ಯರು ದಾಳಿ ಮಾಡಿ ಊರವರನ್ನು ಕೊಂದರು, ಆರೋಪಿ ಇಂದ್ರನೇ ಅಂತ ಬರೆದರು. ದೊಡ್ಡ ಹೆಸರಿನ ಪುರಾತತ್ವಜ್ಞ, ಬರವಣಿಗೆಯೂ ಚೆನ್ನಾಗಿತ್ತು, ಹಾಗಾಗಿ ಕಥೆ ಪಠ್ಯಪುಸ್ತಕಕ್ಕೆ ಹೋಗಿ ಕೂತುಬಿಟ್ಟಿತು. 1964ರಲ್ಲಿ ಜಾರ್ಜ್ ಡೇಲ್ಸ್ ಅನ್ನುವ ಪುರಾತತ್ವಜ್ಞ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಆ ಅಸ್ಥಿಪಂಜರಗಳು ಒಂದೇ ಪದರದಲ್ಲಿ ಇರಲಿಲ್ಲ, ಒಂದೇ ಕಾಲದವೂ ಅಲ್ಲ. ಹಲವನ್ನು ಪಾಳುಬಿದ್ದ ಮನೆಗಳಲ್ಲಿ ಅವಸರದಲ್ಲಿ ಹೂತಿದ್ದಾರೆ. ಶತ್ರು ನುಗ್ಗಿದ್ದರೆ ಮೊದಲು ಹೊಡೆದಾಟ ಆಗಬೇಕಾದ್ದು ಎತ್ತರದ ಕೋಟೆ ಭಾಗದಲ್ಲಿ, ಅಲ್ಲಿ ಒಂದೂ ಇಲ್ಲ. ಆಮೇಲೆ ಮೂಳೆಗಳನ್ನು ಪರೀಕ್ಷಿಸಿದವರಿಗೂ ಸಾಯುವ ಹೊತ್ತಿಗೆ ಆಯುಧದಿಂದ ಆದ ಗಾಯ ಹೆಚ್ಚುಕಡಿಮೆ ಕಾಣಲಿಲ್ಲ. ಸುಮಾರು 40 ಸಾವಿರ ಜನ ಇದ್ದ ಊರಿನಲ್ಲಿ ನೂರಾರು ವರ್ಷಗಳ ಅಂತರದಲ್ಲಿ ಬಿದ್ದ ಮೂವತ್ತೇಳು ಮೂಳೆಗೂಡುಗಳಿಂದ ಒಂದು ಮಹಾಯುದ್ಧ ಹುಟ್ಟಿಕೊಂಡಿತು. ಈ ಪಾಠವನ್ನು ನಮ್ಮ ಮಕ್ಕಳಿಗೆ ಇನ್ನೂ ಅದೇ ರೀತಿ ಹೇಳಿಕೊಡುತ್ತಿದ್ದರೆ ನಿಲ್ಲಿಸಬೇಕು.

ಹಾಗಾದ್ರೆ ಏನಾಯ್ತು? ಒಂದು ದಿನದಲ್ಲಿ ಏನೂ ಆಗಲಿಲ್ಲ. ಈ ನಗರಗಳು ತುಂಬು ಬಾಳಿದ್ದು ಕ್ರಿ.ಪೂ. 2600ರಿಂದ 1900ರವರೆಗೆ, ಅಂದರೆ ಏಳುನೂರು ವರ್ಷ. ವಿಜಯನಗರ ಸಾಮ್ರಾಜ್ಯ ಇದ್ದದ್ದು ಸುಮಾರು ಮುನ್ನೂರು ವರ್ಷ ಅನ್ನುವುದನ್ನು ನೆನೆದರೆ ಇದು ಎಷ್ಟು ದೊಡ್ಡ ಕಾಲ ಅಂತ ಅಂದಾಜಾಗುತ್ತದೆ. ಸುಮಾರು 4200 ವರ್ಷದ ಹಿಂದೆ ಪ್ರಪಂಚದ ಹಲವು ಕಡೆ ಬರಗಾಲದ ಕುರುಹು ಸಿಗುತ್ತದೆ. ಹರಿಯಾಣದ ಕೋಟ್ಲಾ ದಹರ್ ಅನ್ನುವ ಹಳೆಯ ಕೆರೆಯ ಹೂಳಿನಲ್ಲಿದ್ದ ಪುಟ್ಟ ಚಿಪ್ಪುಗಳನ್ನು ಪರೀಕ್ಷಿಸಿದಾಗ, ಸುಮಾರು 4100 ವರ್ಷದ ಹಿಂದೆ ಮುಂಗಾರು ಇದ್ದಕ್ಕಿದ್ದಂತೆ ಬಡವಾಗಿದ್ದು ಗೊತ್ತಾಯಿತು. ಇವತ್ತು ಘಗ್ಗರ್-ಹಾಕ್ರಾ ಅನ್ನುವ, ಹಲವರು ಸರಸ್ವತಿ ಅಂತ ಗುರುತಿಸುವ ನದಿಯ ದಂಡೆಯಲ್ಲಿ ನೂರಾರು ಊರುಗಳಿದ್ದವು. ಈ ನದಿಗೆ ಒಂದು ಕಾಲದಲ್ಲಿ ಹಿಮಾಲಯದ ಸಟ್ಲೆಜ್ ನೀರು ಬರುತ್ತಿತ್ತು. ಆದರೆ ಸಟ್ಲೆಜ್ ಹರಿವು ಬದಲಿಸಿದ್ದು ಸುಮಾರು ಎಂಟು ಸಾವಿರ ವರ್ಷದ ಹಿಂದೆ ಅಂತ 2017ರ ಅಧ್ಯಯನ ತೋರಿಸಿದೆ. ಅಂದರೆ ಹರಪ್ಪದವರು ಊರು ಕಟ್ಟುವ ಹೊತ್ತಿಗೆ ಅದು ಮಳೆ ನಂಬಿದ ನದಿ. ಪ್ರವಾಹದ ಭಯ ಕಮ್ಮಿ ಇದ್ದದ್ದರಿಂದಲೇ ಅವರು ಅಲ್ಲಿ ನೆಲೆಸಿದ್ದಿರಬಹುದು. ಮಳೆ ಕೈಕೊಟ್ಟಾಗ ಅದೇ ತೊಂದರೆಯಾಯಿತು.

ಜನ ಸತ್ತುಹೋಗಲಿಲ್ಲ, ಹೊರಟುಹೋದರು. ಕ್ರಿ.ಪೂ. 1900ರ ಆಚೀಚೆ ಸಿಂಧ್‌ನ ಊರುಗಳು ಖಾಲಿಯಾಗುತ್ತಾ ಬಂದ ಹಾಗೆ ಪೂರ್ವದ ಕಡೆ, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳಲ್ಲಿ ಸಣ್ಣ ಹಳ್ಳಿಗಳು ಜಾಸ್ತಿಯಾಗುತ್ತವೆ. ಆ ಕಡೆಯ ರೈತರು ಗೋಧಿ, ಬಾರ್ಲಿ ಜೊತೆಗೆ ಮಳೆಗಾಲದಲ್ಲಿ ಅಕ್ಕಿಯನ್ನೂ ಸಿರಿಧಾನ್ಯಗಳನ್ನೂ ಬೆಳೆಯುತ್ತಿದ್ದರು. ಹಳ್ಳಿ ಬದುಕಿಗೆ ಅದು ಸಾಕು. ಆದರೆ ನಗರ ನಡೆಯಬೇಕಾದರೆ ಮಿಗಿಸಿದ ಧಾನ್ಯ ಬೇಕು, ವ್ಯಾಪಾರ ಬೇಕು, ಅದು ಎರಡೂ ಸೊರಗಿತು. ಉಳಿದುಕೊಂಡವರ ಪಾಡು ಕಷ್ಟದ್ದೇ. ಹರಪ್ಪದ ಕೊನೆಗಾಲದ ಸಮಾಧಿಗಳ ಮೂಳೆಗಳಲ್ಲಿ ಕುಷ್ಠ, ಕ್ಷಯದ ಗುರುತುಗಳು, ತಲೆಗೆ ಬಿದ್ದ ಏಟುಗಳು ಹಿಂದಿನದಕ್ಕಿಂತ ಹೆಚ್ಚು ಕಾಣುತ್ತವೆ. ಊರು ಸೊರಗಿದಾಗ ಯಾರು ಮೊದಲು ನರಳುತ್ತಾರೆ ಅನ್ನುವುದು ಆ ಮೂಳೆಗಳಲ್ಲಿ ಬರೆದಿದೆ.

ಈಗ ನಿಜವಾದ ಒಗಟಿಗೆ ಬರುತ್ತೇನೆ. ನಿಮ್ಮ ಮಕ್ಕಳು ಕೇಳದೇ ಇರುವ, ಆದರೆ ಕೇಳಬೇಕಾದ ಪ್ರಶ್ನೆ ಇದು: ಇವರನ್ನು ಆಳಿದವರು ಯಾರು?

ಸ್ವಲ್ಪ ಯೋಚನೆ ಮಾಡಿ. ಸುಮಾರು ಹತ್ತು ಲಕ್ಷ ಚದರ ಕಿ.ಮೀ. ಹರವು. ಉತ್ತರಕ್ಕೆ ಅಫ್ಘಾನಿಸ್ತಾನದ ಶೋರ್ತುಘೈ, ಪಶ್ಚಿಮಕ್ಕೆ ಮಕ್ರಾನ್ ಕರಾವಳಿಯ ಸುತ್ಕಾಗೆನ್ ದೋರ್, ಈ ಕಡೆ ಗುಜರಾತಿನ ಲೋಥಲ್. ಎಲ್ಲಿ ಹೋದರೂ ಇಟ್ಟಿಗೆಯ ಅಳತೆಯ ಲೆಕ್ಕ ಒಂದೇ: ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ತೂಕದ ಕಲ್ಲುಗಳೂ ಒಂದೇ. ಚೌಕಾಕಾರದ ನುಣುಪಾದ ಕಲ್ಲು, ಒಂದು ಗ್ರಾಂಗೂ ಕಮ್ಮಿಯಿಂದ ಶುರುವಾಗಿ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಅಂತ ಏರುತ್ತಾ ಹೋಗುತ್ತವೆ. ಹದಿನಾರರಷ್ಟು ತೂಗುವ ಕಲ್ಲು ಸುಮಾರು 13.7 ಗ್ರಾಂ, ಅದೇ ಎಲ್ಲಕ್ಕಿಂತ ಹೆಚ್ಚು ಸಿಗುವುದು. ಕೊಲ್ಲಿ ಆಚೆಯ ಬಹ್ರೇನ್‌ನಲ್ಲೂ ಇದೇ ತೂಕ ಸಿಕ್ಕಿದೆ. ಫೋನಿಲ್ಲ, ಕುದುರೆ ಇತ್ತು ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ, ಇದ್ದದ್ದು ಎತ್ತಿನ ಗಾಡಿ ಮತ್ತು ದೋಣಿ. ಆದರೂ ಸಾವಿರ ಕಿ.ಮೀ. ದೂರದ ಎರಡು ಊರುಗಳ ಅಂಗಡಿಯವರು ಒಂದೇ ತೂಕದಲ್ಲಿ ಅಳೆಯುತ್ತಿದ್ದರು, ಅದೂ ನೂರಾರು ವರ್ಷ!

ಇಷ್ಟು ಕಟ್ಟುನಿಟ್ಟು ಎಲ್ಲಿರುತ್ತದೋ ಅಲ್ಲಿ ಒಬ್ಬ ರಾಜ ಇರಬೇಕು ಅಂತ ನಮಗೆ ಅನ್ನಿಸುತ್ತದೆ. ಇದೇ ಕಾಲದಲ್ಲಿ ಈಜಿಪ್ಟಿನ ಖುಫು ತನ್ನ ಸಮಾಧಿಗೆ ಮಹಾ ಪಿರಮಿಡ್ ಕಟ್ಟಿಸಿಕೊಂಡ. ಮೆಸೊಪೊಟೇಮಿಯಾದ, ಅಂದರೆ ಇವತ್ತಿನ ಇರಾಕ್ ಕಡೆಯ ಊರ್ ನಗರದಲ್ಲಿ ರಾಜಮನೆತನದವರನ್ನು ಹೂಳುವಾಗ ಚಿನ್ನದ ಜೊತೆಗೆ ಆಳುಕಾಳುಗಳನ್ನೂ ಕೊಂದು ಹೂತಿದ್ದಾರೆ. (ಆ ಗೋರಿಗಳಲ್ಲಿ ಸಿಕ್ಕ ಕೆಂಪು ಮಣಿಗಳಲ್ಲಿ ಕೆಲವು ಹೋಗಿದ್ದು ನಮ್ಮ ಸಿಂಧೂ ಕಡೆಯಿಂದಲೇ.) ಹರಪ್ಪದಲ್ಲಿ ಇಂಥದ್ದು ಏನೂ ಇಲ್ಲ. ಅರಮನೆ ಅಂತ ಬೆರಳು ತೋರಿಸುವ ಕಟ್ಟಡ ಇಲ್ಲ. ದೊಡ್ಡ ದೇವಸ್ಥಾನ ಇಲ್ಲ. ರಾಜನ ಗೋರಿ ಇಲ್ಲ. ರಾಜ ಶತ್ರುವಿನ ತಲೆ ಕಡಿಯುವ ಚಿತ್ರ ಇಲ್ಲ. ಸೈನ್ಯ ಇತ್ತು ಅಂತ ಹೇಳುವಷ್ಟು ಆಯುಧಗಳೂ ಇಲ್ಲ. ಇರುವುದು ಏನು? ಮನೆ ಮನೆಗೂ ಬಚ್ಚಲು, ಬೀದಿಯುದ್ದಕ್ಕೂ ಮುಚ್ಚಿದ ಚರಂಡಿ, ಮೊಹೆಂಜೊದಾರೊ ಒಂದರಲ್ಲೇ ಸುಮಾರು 700 ಬಾವಿಗಳಿದ್ದವು ಅನ್ನುವ ಅಂದಾಜು. ಊರಿನ ದುಡ್ಡು, ಊರಿನ ದುಡಿಮೆ ಎಲ್ಲಿಗೆ ಹೋಗುತ್ತಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ? ನನಗೆ ಈ ನಾಗರಿಕತೆ ಮೇಲೆ ಇಷ್ಟು ಪ್ರೀತಿ ಹುಟ್ಟಲು ಕಾರಣ ಆ ಚರಂಡಿಗಳೇ.

"ಪುರೋಹಿತ-ರಾಜ" ಅನ್ನುವ ಶಿಲ್ಪ ಇದೆಯಲ್ಲ ಅಂತ ನೀವು ಕೇಳಬಹುದು. 17.5 ಸೆಂ.ಮೀ. ಎತ್ತರದ ಆ ಗಡ್ಡದ ಮನುಷ್ಯನನ್ನು ಪುರೋಹಿತ ಅಂತಾಗಲಿ ರಾಜ ಅಂತಾಗಲಿ ಹರಪ್ಪದವರು ಎಲ್ಲೂ ಹೇಳಿಲ್ಲ. ಅಗೆದವರಿಗೆ ಮೆಸೊಪೊಟೇಮಿಯಾ ಗೊತ್ತಿತ್ತು, ಅಲ್ಲಿ ಪುರೋಹಿತ-ರಾಜರು ಇದ್ದರು, ಹಾಗಾಗಿ ಇಲ್ಲೂ ಒಬ್ಬನನ್ನು ಕೂರಿಸಿದರು. "ನರ್ತಕಿ"ಯೂ ಅಷ್ಟೇ. 10.5 ಸೆಂ.ಮೀ. ಕಂಚಿನ ಹುಡುಗಿ, ಸೊಂಟದ ಮೇಲೆ ಕೈ ಇಟ್ಟು ಸುಮ್ನೆ ನಿಂತಿದ್ದಾಳೆ. "ಮಹಾ ಕಣಜ" ಅಂತ ಪಠ್ಯದಲ್ಲಿ ಇರುವ ಕಟ್ಟಡದಲ್ಲಿ ಒಂದು ಸುಟ್ಟ ಕಾಳೂ ಸಿಕ್ಕಿಲ್ಲ. ಮಹಾ ಸ್ನಾನಘಟ್ಟ ಮಾತ್ರ ಹೆಸರಿಗೆ ತಕ್ಕ ಹಾಗಿದೆ: 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ, ನೀರು ಸೋರದ ಹಾಗೆ ಇಟ್ಟಿಗೆ ಹಿಂದೆ ಡಾಂಬರಿನಂಥ ಬಿಟುಮೆನ್ ಬಳಿದಿದ್ದಾರೆ. ಪಾಠ ಮಾಡುವಾಗ ಈ ಹೆಸರುಗಳನ್ನು ಇಟ್ಟವರು ಇಪ್ಪತ್ತನೇ ಶತಮಾನದವರು ಅಂತ ಮಕ್ಕಳಿಗೆ ಒಂದು ಮಾತು ಹೇಳಿಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬನೇ ಚಕ್ರವರ್ತಿ ಇರಲಿಲ್ಲ. ಪ್ರತಿ ದೊಡ್ಡ ನಗರದಲ್ಲೂ ವರ್ತಕರು, ಜಮೀನಿದ್ದವರು, ಕಸುಬುದಾರರ ಹಿರಿಯರು ಇಂಥವರ ಕೂಟ ಇತ್ತು, ಅವರ ನಡುವಿನ ಒಪ್ಪಂದ ವ್ಯಾಪಾರದ ಮೇಲೆ ನಿಂತಿತ್ತು ಅನ್ನುವುದು ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ. ಹರಪ್ಪದಲ್ಲಿ ತೂಕದ ಕಲ್ಲುಗಳು ಊರಬಾಗಿಲ ಹತ್ತಿರ ಸಿಕ್ಕಿವೆ, ಸುಂಕದ ಕಟ್ಟೆ ಅಲ್ಲಿದ್ದಿರಬೇಕು. ಲೋಥಲ್‌ನ ಉಗ್ರಾಣದಲ್ಲಿ ಅರವತ್ತಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳು ಸಿಕ್ಕಿವೆ. ಅವುಗಳ ಹಿಂದೆ ಹಗ್ಗದ, ಬಟ್ಟೆಯ, ಚಾಪೆಯ ಅಚ್ಚು ಹಾಗೇ ಇದೆ. ಮೂಟೆ ಕಟ್ಟಿ, ಗಂಟಿಗೆ ಹಸಿ ಮಣ್ಣು ಮೆತ್ತಿ, ಮೇಲೆ ಮುದ್ರೆ ಒತ್ತಿ ಕಳಿಸುತ್ತಿದ್ದರು. ಕೆಲವು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ರಾಜ ಇದ್ದ, ತನ್ನನ್ನು ಕಲ್ಲಿನಲ್ಲಿ ಕೊರೆಸಿಕೊಳ್ಳಲಿಲ್ಲ ಅಷ್ಟೇ ಅನ್ನುತ್ತಾರೆ. ತಳ್ಳಿಹಾಕುವ ಮಾತಲ್ಲ ಅದು. ಆದರೆ ಏಳುನೂರು ವರ್ಷದಲ್ಲಿ ಒಬ್ಬ ರಾಜನಿಗೂ ತನ್ನ ದೊಡ್ಡಸ್ತಿಕೆ ತೋರಿಸುವ ಆಸೆ ಬರಲಿಲ್ಲ ಅನ್ನುವುದನ್ನು ನಂಬುವುದು ನನಗೆ ಕಷ್ಟ.

ಲಿಪಿ ಓದಲು ಬಂದಿದ್ದರೆ ಈ ಜಗಳ ಒಂದು ವಾರದಲ್ಲಿ ಮುಗಿಯುತ್ತಿತ್ತು. ಯಾಕೆ ಬರುತ್ತಿಲ್ಲ? ಮುಖ್ಯ ಕಾರಣ, ಬರಹಗಳು ತೀರಾ ಚಿಕ್ಕವು. ಸರಾಸರಿ ಐದು ಚಿಹ್ನೆ. ಒಂದೇ ಮುಖದ ಮೇಲಿರುವ ಅತಿ ಉದ್ದದ ಬರಹದಲ್ಲಿ ಇರುವುದು 17 ಚಿಹ್ನೆ. ಬರೀ ಬಸ್ಸಿನ ಬೋರ್ಡುಗಳನ್ನು ಕೈಗೆ ಕೊಟ್ಟು, ಇದರಿಂದ ಕನ್ನಡ ಕಲಿ ಅಂತ ಹೊರಗಿನವರೊಬ್ಬರಿಗೆ ಹೇಳಿದ ಹಾಗಿದೆ ನಮ್ಮ ಸ್ಥಿತಿ. ಐರಾವತಂ ಮಹಾದೇವನ್ ಅವರು 1977ರಲ್ಲಿ ಎಲ್ಲ ಬರಹಗಳನ್ನು ಒಟ್ಟು ಮಾಡಿ 417 ಚಿಹ್ನೆಗಳ ಪಟ್ಟಿ ಕೊಟ್ಟರು. ವರ್ಣಮಾಲೆಗೆ ಇದು ವಿಪರೀತ ಜಾಸ್ತಿ, ಪದಕ್ಕೊಂದು ಚಿತ್ರ ಅನ್ನುವ ಲಿಪಿಗೆ ತೀರಾ ಕಮ್ಮಿ. ಹಾಗಾಗಿ ಎರಡೂ ಬೆರೆತ ಲಿಪಿ ಇರಬೇಕು ಅಂತ ಹೆಚ್ಚಿನವರ ಊಹೆ. ಬಲದಿಂದ ಎಡಕ್ಕೆ ಬರೆಯುತ್ತಿದ್ದರು ಅನ್ನುವುದು ಖಚಿತವಾಗಿದೆ. ರಾಜಸ್ಥಾನದ ಕಾಲಿಬಂಗನ್‌ನ ಮಡಕೆ ಚೂರಿನಲ್ಲಿ ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಹಾದುಹೋಗಿರುವುದನ್ನು ನೋಡಿಯೇ ಬಿ.ಬಿ. ಲಾಲ್ ಅದನ್ನು ತೋರಿಸಿದರು. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಸೆಲ್ ಮೂವರು ಸೇರಿ, ಇದು ಲಿಪಿಯೇ ಅಲ್ಲ, ಬರೀ ಕುಲಚಿಹ್ನೆಗಳಂಥವು ಅಂತ ವಾದಿಸಿದರು. ಐದು ವರ್ಷದ ಮೇಲೆ ಭಾರತದ ಗಣಿತಜ್ಞರೂ ಸೇರಿದ ತಂಡ, ಚಿಹ್ನೆಗಳು ಒಂದರ ಹಿಂದೆ ಒಂದು ಬರುವ ಕ್ರಮ ಭಾಷೆಯ ಕ್ರಮಕ್ಕೆ ಹತ್ತಿರ ಇದೆ ಅಂತ ಲೆಕ್ಕ ಹಾಕಿ ತೋರಿಸಿತು. ವಾದ ಇನ್ನೂ ನಿಂತಿಲ್ಲ. 2025ರ ಜನವರಿಯಲ್ಲಿ ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಲಿಪಿ ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದರು.

ಬೇಕಾಗಿರುವುದು ಎರಡು ಭಾಷೆಯ ಒಂದು ಬರಹ. ಈಜಿಪ್ಟಿನ ಲಿಪಿ ಬಿಡಿಸಲು ರೊಸೆಟ್ಟಾ ಕಲ್ಲು ಹಾಗೇ ದಾರಿ ಮಾಡಿತು. ಒಂದೇ ಒಂದು ಕಲ್ಲು ಏನು ಮಾಡಬಹುದು ಅನ್ನುವುದಕ್ಕೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯೇ ಉದಾಹರಣೆ: "ದೇವಾನಾಂಪ್ರಿಯ" ಅಂದರೆ ಅಶೋಕನೇ ಅನ್ನುವುದು ಗಟ್ಟಿಯಾಗಿದ್ದು 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದ. ಹರಪ್ಪಕ್ಕೂ ಅಂಥ ಅದೃಷ್ಟ ಬರುವುದಾದರೆ ಅದು ಇರಾಕ್ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ. ಮೆಸೊಪೊಟೇಮಿಯಾದವರು "ಮೆಲುಹ್ಹಾ" ಅಂತ ಕರೆದ ದೇಶ ಸಿಂಧೂ ಪ್ರದೇಶವೇ ಅಂತ ಹೆಚ್ಚಿನವರು ಒಪ್ಪಿದ್ದಾರೆ. ಅಕ್ಕಾಡ್‌ನ ರಾಜ ಸರ್ಗಾನ್, ಮೆಲುಹ್ಹಾದ ಹಡಗುಗಳು ನನ್ನ ಬಂದರಿನಲ್ಲಿ ನಿಲ್ಲುತ್ತವೆ ಅಂತ ಹೆಮ್ಮೆಯಿಂದ ಬರೆಸಿದ. ಮೆಲುಹ್ಹಾದವರ ಹಳ್ಳಿಯೇ ಅಲ್ಲಿ ಒಂದಿತ್ತು. ಪ್ಯಾರಿಸ್‌ನ ಲೂವ್ರ್‌ನಲ್ಲಿ ಶು-ಇಲಿಶು ಅನ್ನುವವನ ಮುದ್ರೆ ಇದೆ, ಅದರ ಮೇಲೆ ಅವನ ಕೆಲಸ ಬರೆದಿದೆ: ಮೆಲುಹ್ಹಾ ಭಾಷೆಯ ದುಭಾಷಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಕಡೆಯ ಭಾಷೆ ಕಲಿತು ಅದರಿಂದಲೇ ಹೊಟ್ಟೆ ಹೊರೆದ ಒಬ್ಬ ಮನುಷ್ಯ! ಅವನು ಒಂದು ಪುಟ ಬರೆದಿಟ್ಟಿದ್ದರೆ ಸಾಕಿತ್ತು.

ಆ ಭಾಷೆ ದ್ರಾವಿಡವೇ? ಸಾಧ್ಯತೆ ಇದೆ, ನನ್ನ ಒಲವೂ ಆ ಕಡೆಗೇ. ಬಲೂಚಿಸ್ತಾನದಲ್ಲಿ ಇವತ್ತಿಗೂ ಬ್ರಾಹುಯಿ ಅನ್ನುವ ದ್ರಾವಿಡ ಭಾಷೆ ಇದೆ. ಮುದ್ರೆಗಳಲ್ಲಿ ಪದೇ ಪದೇ ಬರುವ ಮೀನಿನ ಚಿಹ್ನೆಯನ್ನು ಫಿನ್ಲೆಂಡಿನ ಆಸ್ಕೊ ಪರ್ಪೊಲಾ ನಕ್ಷತ್ರ ಅಂತ ಓದುತ್ತಾರೆ, ಯಾಕಂದರೆ ಹಳೆಯ ತಮಿಳಿನಲ್ಲಿ "ಮೀನ್" ಅಂದರೆ ಎರಡೂ ಹೌದು. ಆಕರ್ಷಕ ಊಹೆ. ಆದರೆ ಪರೀಕ್ಷಿಸಿ ಸರಿ ಅನ್ನಲು ಉದ್ದದ ಬರಹ ಬೇಕು, ಅದಿಲ್ಲ. ಬ್ರಾಹುಯಿ ಜನ ಆಮೇಲೆ ಅಲ್ಲಿಗೆ ಹೋದವರು ಅನ್ನುವ ವಾದವೂ ಇದೆ. ಇಷ್ಟು ದೊಡ್ಡ ನಾಡಿನಲ್ಲಿ ಒಂದೇ ಭಾಷೆ ಇತ್ತು ಅನ್ನುವುದೂ ಗ್ಯಾರಂಟಿ ಇಲ್ಲ. ಹರಪ್ಪದವರು ಕನ್ನಡ ಮಾತಾಡುತ್ತಿದ್ದರು ಅಂತ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಆ ಕಾಲಕ್ಕೆ ಕನ್ನಡ ಬೇರೆ ಭಾಷೆಯಾಗಿ ಇನ್ನೂ ಕವಲೊಡೆದಿರಲಿಲ್ಲ. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ, ಹರಪ್ಪ ಕಾಲದ ಒಬ್ಬ ಹೆಂಗಸಿನ ಡಿಎನ್‌ಎ ಬಗ್ಗೆ 2019ರಲ್ಲಿ ವರದಿ ಬಂತು. ಅವಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಇರಲಿಲ್ಲ, ಅವಳಂಥವರ ವಂಶದ ಪಾಲು ಇವತ್ತಿನ ಹೆಚ್ಚಿನ ಭಾರತೀಯರಲ್ಲಿ, ಉತ್ತರದವರಲ್ಲೂ ದಕ್ಷಿಣದವರಲ್ಲೂ ಇದೆ. ಆದರೆ ಡಿಎನ್‌ಎಯಿಂದ ಭಾಷೆ ಗೊತ್ತಾಗುವುದಿಲ್ಲ.

ಕೋಲಾರದ ಚಿನ್ನದ ಮಾತು 1920-30ರ ದಶಕದ್ದು. ಮೊಹೆಂಜೊದಾರೊ ಚಿನ್ನದಲ್ಲಿ ಬೆಳ್ಳಿ ಬೆರೆತಿದೆ, ಕೋಲಾರದ್ದೂ ಹಾಗೇ ಇದೆ ಅಂತ ಅಲ್ಲಿನ ಅಗೆತ ನಡೆಸಿದ ಜಾನ್ ಮಾರ್ಷಲ್ ಕಾಲದಲ್ಲಿ ಬಂದ ಊಹೆ ಅದು. ಬೆಳ್ಳಿ ಬೆರೆತ ಚಿನ್ನ ಬೇರೆ ಕಡೆಯೂ ಸಿಗುತ್ತದೆ, ಸಿಂಧೂ ನದಿಯ ಮೇಲ್ಭಾಗದ ಮರಳಲ್ಲೂ ಚಿನ್ನ ಜಾಲಿಸುತ್ತಾರೆ. ನಮ್ಮ ಹಟ್ಟಿಯ ಹಳೇ ಗಣಿಗಳ ಮರದ ತುಂಡುಗಳ ಕಾಲ ಹರಪ್ಪಕ್ಕಿಂತ ಎಷ್ಟೋ ಶತಮಾನ ಈಚಿನದು. ಸಾಕ್ಷಿ ಸಿಕ್ಕುವವರೆಗೆ ಇದನ್ನು ಪರೀಕ್ಷೆಯಲ್ಲಿ ಉತ್ತರವಾಗಿ ಬರೆಸಬೇಡಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಜನ ಉಳಿದರು, ಮಡಕೆ ಮಾಡುವುದು ಉಳಿಯಿತು, ಮಣಿ ಕೊರೆಯುವುದು ಖಂಭಾತ್‌ನಲ್ಲಿ ಇವತ್ತಿಗೂ ಇದೆ, ಆದರೆ ಬರೆಯುವುದನ್ನು ಮರೆತರು. ಕ್ರಿ.ಪೂ. 1900ರ ನಂತರ ಮುದ್ರೆಗಳೂ ತೂಕದ ಕಲ್ಲುಗಳೂ ಕಣ್ಮರೆಯಾಗುತ್ತವೆ, ಮತ್ತೆ ನಾವು ಓದಬಲ್ಲ ಬರಹ ಸಿಗಲು ಹೆಚ್ಚುಕಡಿಮೆ ಅಶೋಕನ ಕಾಲದವರೆಗೆ ಕಾಯಬೇಕು. ಬಹುಶಃ ಬರಹ ಬರುತ್ತಿದ್ದದ್ದು ವ್ಯಾಪಾರ ನಡೆಸುವ ಕೆಲವರಿಗೆ ಮಾತ್ರ. ಮೂಟೆ ಕಳಿಸುವುದು ನಿಂತ ಮೇಲೆ ಮುದ್ರೆ ಯಾಕೆ ಬೇಕು? ನಾವು ಕಳೆದುಕೊಂಡದ್ದರಲ್ಲಿ ನಮ್ಮ ಕಾಲದವರ ಪಾಲೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಲಾಹೋರ್-ಮುಲ್ತಾನ್ ರೈಲುಹಳಿಯ ಕೆಳಗೆ ಸುರಿಯಲು ಹರಪ್ಪದ ಇಟ್ಟಿಗೆಗಳನ್ನು ಗಾಡಿಗಟ್ಟಲೆ ಸಾಗಿಸಿದರು, ಸುಮಾರು 160 ಕಿ.ಮೀ. ಹಳಿಗೆ ಸಾಕಾಗುವಷ್ಟು. 1921ರಲ್ಲಿ ದಯಾರಾಮ್ ಸಾಹ್ನಿ ಅಗೆಯಲು ಬರುವ ಹೊತ್ತಿಗೆ ಎಷ್ಟೋ ಹೋಗಿಬಿಟ್ಟಿತ್ತು. ಮೊಹೆಂಜೊದಾರೊದ ಅತಿ ಹಳೆಯ ಪದರಗಳು ಅಂತರ್ಜಲದ ಕೆಳಗಿವೆ, ಮೇಲಿನ ಇಟ್ಟಿಗೆಗಳನ್ನು ಉಪ್ಪು ತಿನ್ನುತ್ತಿದೆ.

ಕೊನೆಗೆ ನಿಮ್ಮ ಪ್ರವಾಸ. ಲೋಥಲ್ ಅಹಮದಾಬಾದಿನಿಂದ ಸುಮಾರು 80 ಕಿ.ಮೀ., ಒಂದು ದಿನದಲ್ಲಿ ಹೋಗಿ ಬರಬಹುದು. ಅದನ್ನು ಅಗೆದವರು ನಮ್ಮ ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಎಸ್.ಆರ್. ರಾವ್. ಅಲ್ಲಿನ ಸುಮಾರು 215 ಮೀಟರ್ ಉದ್ದದ ಇಟ್ಟಿಗೆಯ ಕೊಳವನ್ನು ಅವರು ಹಡಗುಕಟ್ಟೆ ಅಂದರು, ಕೆಲವರು ನೀರಾವರಿ ಕೆರೆ ಅಂದರು. ಸಬರಮತಿ ಹಿಂದೆ ಲೋಥಲ್ ಪಕ್ಕದಲ್ಲೇ ಹರಿಯುತ್ತಿತ್ತು ಅನ್ನುವುದು ಉಪಗ್ರಹ ಚಿತ್ರಗಳಿಂದ ಗೊತ್ತಾದ ಮೇಲೆ ರಾವ್ ಅವರ ಮಾತಿಗೆ ಬಲ ಬಂದಿದೆ. ಲಿಪಿ ಬಿಡಿಸಿದ್ದೇನೆ ಅಂದ ಅವರ ಮಾತನ್ನು ಮಾತ್ರ ವಿದ್ವಾಂಸರು ಒಪ್ಪಲಿಲ್ಲ.

ಆದರೆ ಒಂದನ್ನೇ ನೋಡುವುದಾದರೆ ಧೋಲಾವೀರಾಕ್ಕೆ ಹೋಗಿ. ಕಛ್‌ನ ದೊಡ್ಡ ರಣ್ ಮಧ್ಯದ ಖಾದಿರ್ ದ್ವೀಪದಲ್ಲಿದೆ, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಭುಜ್‌ನಿಂದ ಖಾವ್ಡಾ ಮೇಲೆ ರಣ್ ದಾಟುವ ರಸ್ತೆ ಆದ ಮೇಲೆ ದಾರಿ ಹತ್ತಿರವಾಗಿದೆ. ಎರಡು ಮಳೆಗಾಲದ ಹಳ್ಳಗಳಿಗೆ ಒಡ್ಡು ಹಾಕಿ, ನೀರನ್ನು ಊರ ಸುತ್ತಲಿನ ಕೆರೆಗಳಿಗೆ ತಿರುಗಿಸಿ ಇವರು ಉಪ್ಪು ನೆಲದಲ್ಲಿ ನಗರ ನಡೆಸಿದರು. ಪೂರ್ವದ ಕೆರೆ ಸುಮಾರು 73 ಮೀಟರ್ ಉದ್ದ, ಬದಿಗೆ ನಿಂತು ಮೆಟ್ಟಿಲುಗಳನ್ನು ನೋಡಿ. ಕೋಟೆಯ ಉತ್ತರದ ಬಾಗಿಲನ್ನೂ ತಪ್ಪಿಸಬೇಡಿ. ಅಲ್ಲಿಯೇ ಆರ್.ಎಸ್. ಬಿಷ್ಟ್ ಅವರ ತಂಡಕ್ಕೆ ಹತ್ತು ದೊಡ್ಡ ಅಕ್ಷರಗಳ ಫಲಕ ಸಿಕ್ಕಿದ್ದು. ಬಿಳಿ ಜಿಪ್ಸಮ್ ತುಂಡುಗಳನ್ನು ಜೋಡಿಸಿ ಮಾಡಿದ, ಒಂದೊಂದೂ ಸುಮಾರು 37 ಸೆಂ.ಮೀ. ಎತ್ತರದ ಅಕ್ಷರಗಳು. ಮರದ ಹಲಗೆ ಕೊಳೆತುಹೋಗಿ ಅಕ್ಷರಗಳಷ್ಟೇ ಉಳಿದಿದ್ದವು. ದೂರದಿಂದ ಬರುವವರೂ ಓದಲಿ ಅಂತಲೇ ಬಾಗಿಲಿಗೆ ಹಾಕಿದ್ದಿರಬೇಕು. ಡಿಸೆಂಬರ್ ಆದರೂ ಮಧ್ಯಾಹ್ನ ಬಿಸಿಲು ಚುರುಕಾಗಿರುತ್ತದೆ, ನೆರಳು ಕಮ್ಮಿ, ಬೆಳಿಗ್ಗೆ ಬೇಗ ಹೋಗಿ, ಕುಡಿಯುವ ನೀರು ಜೊತೆಗಿರಲಿ. ಅಲ್ಲೇ ಒಂದು ಚಿಕ್ಕ ಮ್ಯೂಸಿಯಂ ಇದೆ, ಮೊದಲು ಅದನ್ನು ನೋಡಿಕೊಂಡು ಆಮೇಲೆ ದಿಬ್ಬ ಹತ್ತಿದರೆ ಯಾವುದು ಏನು ಅಂತ ಚೆನ್ನಾಗಿ ಗೊತ್ತಾಗುತ್ತದೆ.